ಮೂರು ಮುಕ್ಕಾಲು ಪೈಸೆಯ ಸೂಜಿ

ಸಾವಿರಕ್ಕೆ 5 ಡಾಲರ್. 1960ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬಿನ ಲಸಿಕೆ ಹಾಕಲು ತರಿಸಿದ ಕವಲು ಸೂಜಿಯ ದರ ಅದು. ಆಗ ಒಂದು ಡಾಲರಿಗೆ ಏಳೂವರೆ ರೂಪಾಯಿ. ಹಾಗಾಗಿ ಒಂದು ಸೂಜಿಗೆ ಬಿದ್ದದ್ದು 3.75 ಪೈಸೆ. ಕುದಿಸಿಯೋ, ಬೆಂಕಿಯ ನಾಲಗೆಗೆ ಹಿಡಿದೋ ಅದೇ ಸೂಜಿಯನ್ನು ನೂರಕ್ಕೂ ಹೆಚ್ಚು ಸಲ ಬಳಸಬಹುದಿತ್ತು. ಅಂದರೆ ಒಬ್ಬರ ತೋಳಿಗೆ ಲಸಿಕೆ ಇಳಿಸಲು ಸೂಜಿಯ ಬಾಬತ್ತು ತಗುಲಿದ್ದು ಪೈಸೆಯ ಇಪ್ಪತ್ತೈದರಲ್ಲಿ ಒಂದು ಪಾಲಿಗಿಂತ ಕಡಿಮೆ.

ನನ್ನ ಅಮ್ಮನ ಎಡತೋಳಿನಲ್ಲಿ ನಾಲ್ಕಾಣೆ ಅಗಲದ ಎರಡು ಕಲೆಗಳಿವೆ. ಚಿಕ್ಕಮ್ಮನ ತೋಳಿನಲ್ಲಿ ಇರುವುದು ಒಂದೇ, ಅದೂ ಸಣ್ಣದು. ಅಮ್ಮನಿಗೆ ದಾಕು ಹಾಕಿದ್ದು ತಿರುಗುವ ಹಲ್ಲುಚಕ್ರದಂಥ ಲ್ಯಾನ್ಸೆಟ್ಟಿನಲ್ಲಿ. ಚರ್ಮದ ಮೇಲಿಟ್ಟು ತಿರುಚಿದರೆ ಮಕ್ಕಳು ಊರು ಹಾರಿಹೋಗುವಂತೆ ಕಿರುಚುತ್ತಿದ್ದರಂತೆ. ಚಿಕ್ಕಮ್ಮನ ಕಾಲಕ್ಕೆ ಕವಲು ಸೂಜಿ ಬಂದಿತ್ತು. ಅಕ್ಕತಂಗಿಯರ ವಯಸ್ಸಿನ ಅಂತರ ಹನ್ನೆರಡು ವರ್ಷ. ಆ ಹನ್ನೆರಡು ವರ್ಷದಲ್ಲಿ ಜಿನೀವಾದ ಒಂದು ಸಣ್ಣ ಕಚೇರಿಯಲ್ಲಿ ಕೂತ ಒಬ್ಬ ವೈದ್ಯ ಲೆಕ್ಕದ ಪುಸ್ತಕವನ್ನೇ ಬದಲಾಯಿಸಿದ್ದ. ಅವನ ಕಥೆಯನ್ನು ಅಂಕಿಗಳಲ್ಲೇ ಹೇಳಬೇಕು. ಅವನ ಕೆಲಸ ನಡೆದದ್ದೇ ಅಂಕಿಗಳ ಮೇಲೆ.

ಡೊನಾಲ್ಡ್ ಐನ್ಸ್ಲಿ ಹೆಂಡರ್ಸನ್ ಹುಟ್ಟಿದ್ದು 1928ರ ಸೆಪ್ಟೆಂಬರ್ 7ರಂದು, ಅಮೆರಿಕದ ಒಹಾಯೊ ರಾಜ್ಯದ ಲೇಕ್‌ವುಡ್‌ನಲ್ಲಿ. ತಂದೆ ಎಂಜಿನಿಯರ್, ತಾಯಿ ನರ್ಸ್. ಸ್ನೇಹಿತರಿಗೆಲ್ಲ ಅವರು ಬರೀ ‘ಡಿ.ಎ.’ 1954ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ. ಹೃದ್ರೋಗತಜ್ಞ ಆಗಬೇಕೆಂಬ ಆಸೆಯಿತ್ತು. ಆದರೆ ಆ ಕಾಲದಲ್ಲಿ ಯುವ ವೈದ್ಯರು ಸೇನೆಗೋ ಅದಕ್ಕೆ ಸಮನಾದ ಸರ್ಕಾರಿ ಸೇವೆಗೋ ಹೋಗಲೇಬೇಕು. 1955ರಲ್ಲಿ ಅಟ್ಲಾಂಟಾದ ಸಾಂಕ್ರಾಮಿಕ ರೋಗ ಕೇಂದ್ರದ ಪತ್ತೇದಾರಿ ವಿಭಾಗಕ್ಕೆ ಸೇರಿದರು. ಎಲ್ಲಿ ಯಾವ ಜ್ವರ ಎದ್ದರೂ ಪೆಟ್ಟಿಗೆ ಹಿಡಿದು ಓಡಿ, ಮೊದಲು ಯಾರಿಗೆ ಬಂತು, ಅವರಿಂದ ಯಾರಿಗೆ ದಾಟಿತು ಎಂದು ಎಳೆ ಹಿಡಿದು ಹುಡುಕುವ ಕೆಲಸ. ನಡುವೆ ಆಸ್ಪತ್ರೆಗೆ ಮರಳಿ ತರಬೇತಿ ಮುಗಿಸಿದರು, ನಿಜ. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದು, ಅಟ್ಲಾಂಟಾಕ್ಕೆ ಮರಳಿ ರೋಗ ಕಣ್ಗಾವಲು ವಿಭಾಗದ ಮುಖ್ಯಸ್ಥರಾದರು.

ಸಿಡುಬಿನ ಕಡೆ ಅವರ ಕಣ್ಣು ಹೊರಳಿಸಿದ್ದು 1947ರ ನ್ಯೂಯಾರ್ಕ್. ಮೆಕ್ಸಿಕೊದಿಂದ ಬಸ್ಸಿನಲ್ಲಿ ಬಂದ ಒಬ್ಬನಿಂದ ಹಬ್ಬಿ 12 ಮಂದಿಗೆ ಸಿಡುಬು, ಅದರಲ್ಲಿ 2 ಸಾವು. ಆ ಹನ್ನೆರಡಕ್ಕೆ ಹೆದರಿ ನಗರ ಒಂದು ತಿಂಗಳೊಳಗೆ 63.5 ಲಕ್ಷ ಜನಕ್ಕೆ ಲಸಿಕೆ ಹಾಕಿತು. ಒಂದು ಪ್ರಕರಣಕ್ಕೆ ಐದು ಲಕ್ಷಕ್ಕೂ ಹೆಚ್ಚು ಲಸಿಕೆ! ಯುಗೊಸ್ಲಾವಿಯಾದಲ್ಲಿ 1972ರಲ್ಲಿ ಮತ್ತೆ ಅದೇ ಕಥೆ: 175 ಪ್ರಕರಣ, 35 ಸಾವು, ಸುಮಾರು 1.8 ಕೋಟಿ ಲಸಿಕೆ. ಈ ರೋಗಕ್ಕೆ ಹೆದರಿದ ಶ್ರೀಮಂತ ಸಮಾಜ ಎಷ್ಟು ಸುರಿಯಲೂ ಸಿದ್ಧ ಎಂಬುದು ಇದರಲ್ಲೇ ಕಾಣುತ್ತದೆ.

ಈಗ ಬಡ ದೇಶಗಳಿಗೆ ಬಂದ ಹಣ ನೋಡಿ. ಭೂಮಿಯಿಂದ ಸಿಡುಬನ್ನು ಅಳಿಸೋಣ ಎಂದು ಸೋವಿಯತ್ ಒಕ್ಕೂಟದ ವಿಕ್ಟರ್ ಝ್ದಾನೊವ್ 1958ರಲ್ಲೇ ವಿಶ್ವ ಆರೋಗ್ಯ ಸಭೆಯ ಮುಂದೆ ಪ್ರಸ್ತಾವ ಇಟ್ಟಿದ್ದರು. ಎಲ್ಲರೂ ಹೌದೆಂದರು, ಯಾರೂ ಗಂಟು ಬಿಚ್ಚಲಿಲ್ಲ. ಎಂಟು ವರ್ಷದ ಮೇಲೆ, 1966ರ ಮೇ ತಿಂಗಳಲ್ಲಿ, ವರ್ಷಕ್ಕೆ 24 ಲಕ್ಷ ಡಾಲರ್ ಮೀಸಲಿಡುವ ವಿಶೇಷ ಬಜೆಟ್ ಸಭೆಗೆ ಬಂತು. ಗೆದ್ದದ್ದು ಎರಡೇ ಮತಗಳ ಅಂತರದಲ್ಲಿ. 24 ಲಕ್ಷ ಡಾಲರ್ ಎಂದರೆ ಡಾಲರಿಗೆ ಏಳೂವರೆಯಂತೆ 1.8 ಕೋಟಿ ರೂಪಾಯಿ. ಸಿಡುಬು ಮನೆಮಾಡಿದ್ದ ದೇಶಗಳು ಆಗ 31. ಸಮನಾಗಿ ಹಂಚಿದರೆ ಒಂದು ದೇಶಕ್ಕೆ ವರ್ಷಕ್ಕೆ 5.8 ಲಕ್ಷ ರೂಪಾಯಿ.

ಸಂಸ್ಥೆಯ ಮಹಾನಿರ್ದೇಶಕ ಕಾಂಡೌ ಅವರಿಗೇ ಈ ಯೋಜನೆಯಲ್ಲಿ ನಂಬಿಕೆ ಇರಲಿಲ್ಲ. ಕಾರಣವೂ ಇತ್ತು. ಮಲೇರಿಯಾ ನಿರ್ಮೂಲನೆಗೆಂದು ಸುರಿದ ಹಣ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಇನ್ನೊಂದು ಸೋಲಿನ ಹೊಣೆ ಅಮೆರಿಕದವರ ಹೆಗಲ ಮೇಲಿರಲಿ ಎಂದು ಮುಖ್ಯಸ್ಥನಾಗಿ ಅಮೆರಿಕನ್ನನನ್ನೇ ಕೇಳಿದರು. ಹೆಂಡರ್ಸನ್‌ಗೆ ಹೋಗುವ ಮನಸ್ಸಿರಲಿಲ್ಲ. ಹೋಗಲೇಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಹದಿನೆಂಟು ತಿಂಗಳಿಗೆಂದು ಹೋದವರು ಹನ್ನೊಂದು ವರ್ಷ ಉಳಿದರು. ಹೋದಾಗ ವಯಸ್ಸು 38. ಜಿನೀವಾದಲ್ಲಿ ಅವರ ವಿಭಾಗದಲ್ಲಿ ಟೈಪ್ ಮಾಡುವವರನ್ನು ಸೇರಿಸಿದರೂ ಹತ್ತು ಮಂದಿ ದಾಟುತ್ತಿರಲಿಲ್ಲ. ಇಡೀ ಜಗತ್ತಿನಲ್ಲಿ ಸಂಸ್ಥೆಯ ಪೂರ್ಣಾವಧಿ ಸಿಡುಬು ಸಿಬ್ಬಂದಿ ಒಂದೇ ಹೊತ್ತಿಗೆ ಸುಮಾರು 150ರ ಮೇಲೆ ಏರಿದ್ದೇ ಇಲ್ಲ. ಉಳಿದ ಕೈಗಳೆಲ್ಲ ಆಯಾ ದೇಶದವು.

ಹೆಂಡರ್ಸನ್ ಮೊದಲು ಕೈಹಾಕಿದ್ದು ಲಸಿಕೆಯ ಗುಣಕ್ಕೆ. ಬೇರೆ ಬೇರೆ ದೇಶ ಬಳಸುತ್ತಿದ್ದ ಲಸಿಕೆಯ ಮಾದರಿ ತರಿಸಿ ಪರೀಕ್ಷೆ ಮಾಡಿಸಿದಾಗ ನಿಗದಿತ ಮಟ್ಟ ಮುಟ್ಟಿದ್ದು ನೂರಕ್ಕೆ ಹತ್ತೂ ಇಲ್ಲ. ಉಳಿದದ್ದು? ಬಿಸಿಲಿಗೆ ಸತ್ತದ್ದು, ಸರಿಯಾಗಿ ತಯಾರಾಗದ್ದು. ಎಷ್ಟೋ ಊರುಗಳಲ್ಲಿ ಮಕ್ಕಳು ನೋವು ತಿಂದದ್ದೂ ದಂಡ, ಅಪ್ಪ ಅಮ್ಮ ನಂಬಿದ್ದೂ ದಂಡ. ಈ ಒಂದು ಅಂಕಿ ಓದಿದಾಗ ನನಗೆ ಹೊಟ್ಟೆ ಉರಿದದ್ದು ಇನ್ನಾವುದಕ್ಕೂ ಇಲ್ಲ. ಪರೀಕ್ಷೆಯ ಹೊಣೆಯನ್ನು ಕೆನಡಾ ಮತ್ತು ನೆದರ್‌ಲೆಂಡ್ಸ್‌ನ ಎರಡು ಪ್ರಯೋಗಾಲಯಗಳಿಗೆ ಕೊಟ್ಟರು. ಶೀತದಲ್ಲಿ ಒಣಗಿಸಿದ ಲಸಿಕೆಯನ್ನೇ ಎಲ್ಲ ಕಡೆ ಕಡ್ಡಾಯ ಮಾಡಿದರು. ಅದು 37 ಡಿಗ್ರಿ ಶಾಖದಲ್ಲೂ ಒಂದು ತಿಂಗಳು ಕೆಡದೆ ನಿಲ್ಲುತ್ತದೆ. ಸೋವಿಯತ್ ಒಕ್ಕೂಟವೊಂದೇ ವರ್ಷಗಳುದ್ದಕ್ಕೂ ಒಟ್ಟು 140 ಕೋಟಿಗೂ ಹೆಚ್ಚು ಡೋಸ್ ಕೊಟ್ಟಿತು. ದೊಡ್ಡ ಪಾಲು ಭಾರತಕ್ಕೇ ಬಂತು. ನಮ್ಮಲ್ಲೂ ಒಣ ಲಸಿಕೆ ತಯಾರಿಸುವ ನಾಲ್ಕು ಕೇಂದ್ರಗಳು ಎದ್ದವು: ಪಟವಾಡಾಂಗರ್, ಗಿಂಡಿ, ಹೈದರಾಬಾದ್, ಮತ್ತು ನಮ್ಮ ಬೆಳಗಾವಿ. ಉತ್ತರ ಕರ್ನಾಟಕದ ಮಂದಿ ‘ದೇವಿ ಹಾಕಿಸೋದು’ ಎನ್ನುವ ಆ ಚುಚ್ಚುವಿಕೆಯ ಹಿಂದೆ ಬೆಳಗಾವಿಯ ಕೈಯೂ ಇದ್ದದ್ದು ಇವತ್ತು ಎಷ್ಟು ಜನಕ್ಕೆ ನೆನಪಿದೆಯೋ.

ಆಮೇಲೆ ಸೂಜಿ. ವೈಯತ್ ಕಂಪನಿಯ ಬೆಂಜಮಿನ್ ರೂಬಿನ್ ಹೊಲಿಗೆ ಯಂತ್ರದ ಸೂಜಿಯ ಕಣ್ಣನ್ನು ಸಾಣೆಗೆ ಕೊಟ್ಟು, ತುದಿಗೆ ಎರಡು ಪುಟ್ಟ ಕೋಡು ಉಳಿಯುವಂತೆ ಮಾಡಿದ್ದರು. ಬೆರಳುದ್ದದ ಉಕ್ಕಿನ ಕಡ್ಡಿ. ಲಸಿಕೆಯಲ್ಲಿ ಅದ್ದಿ ಎತ್ತಿದರೆ ಆ ಎರಡು ಕೋಡಿನ ನಡುವೆ ಒಂದು ಹನಿ ತಾನಾಗಿ ನಿಲ್ಲುತ್ತದೆ, ರಾಗಿಕಾಳಿನಷ್ಟೂ ಇಲ್ಲದ ಹನಿ. ಅದನ್ನು ತೋಳಿನ ಮೇಲೆ, ಒಂದು ಬಟಾಣಿಯ ಜಾಗದೊಳಗೆ, ಹದಿನೈದು ಸಲ ಟಕಟಕ ಕುಕ್ಕಬೇಕು. ಕೆಲವೇ ಸೆಕೆಂಡಿನ ಕೆಲಸ. ಕಲಿಸಲು ಹತ್ತು ಹದಿನೈದು ನಿಮಿಷ ಸಾಕು. ಓದು ಬರಹ ಬೇಕಿಲ್ಲ. ಹಿಂದೆ ಒಂದು ಶೀಶೆ 25 ಜನಕ್ಕೆ ಆಗುತ್ತಿದ್ದರೆ ಈಗ 100 ಜನಕ್ಕೆ ಆಯಿತು. ಅಂದರೆ ಲಸಿಕೆಯ ದಾಸ್ತಾನು ರಾತ್ರಿ ಬೆಳಗಾಗುವುದರೊಳಗೆ ನಾಲ್ಕು ಪಟ್ಟು! ಹೊಸ ಕಾರ್ಖಾನೆ ಕಟ್ಟಲಿಲ್ಲ. ವೈಯತ್ ಕಂಪನಿ ರಾಯಧನವನ್ನೂ ಬಿಟ್ಟುಕೊಟ್ಟಿತು. ಕಾಲಲ್ಲಿ ಒತ್ತಿ ಹಾರಿಸುವ ಜೆಟ್ ಯಂತ್ರ ಗಂಟೆಗೆ ಸಾವಿರ ಜನಕ್ಕೆ ಲಸಿಕೆ ಹಾಕಬಲ್ಲದಾಗಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಅದರಿಂದ ಕೆಲಸವೂ ಆಯಿತು. ಆದರೆ ಅದು ಕೆಟ್ಟರೆ ರಿಪೇರಿಗೆ ಜನ ಬೇಕು, ಬಿಡಿಭಾಗ ಬೇಕು. ಸೂಜಿ ಕೆಡುವುದಿಲ್ಲ. ಕೊನೆಗೆ ಗೆದ್ದದ್ದು ಸೂಜಿ.

ಇಷ್ಟಾದರೂ ರೋಗ ಅಳಿಯುತ್ತಿರಲಿಲ್ಲ, ಎಣಿಸುವ ರೀತಿ ಬದಲಾಗದಿದ್ದರೆ. ಭಾರತ 1962ರಲ್ಲೇ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತ್ತು. ಗುರಿ: ಮೂರು ವರ್ಷದಲ್ಲಿ ಜನಸಂಖ್ಯೆಯ ಶೇ 80 ಭಾಗಕ್ಕೆ ಲಸಿಕೆ. ಜಿಲ್ಲೆಗಳಿಂದ ಗುರಿ ಮುಟ್ಟಿದ ವರದಿಗಳು ಬರುತ್ತಲೇ ಇದ್ದವು, ಜನ ಸಾಯುತ್ತಲೇ ಇದ್ದರು. ಹೇಗೆ? ಶಾಲೆಗೆ ಹೋದರೆ ನೂರು ತೋಳು ಒಂದೇ ಕಡೆ ಸಿಗುತ್ತವೆ. ಹೋದ ವರ್ಷ ಚುಚ್ಚಿದ ತೋಳಿಗೇ ಈ ವರ್ಷವೂ ಚುಚ್ಚಿದರೆ ರಿಜಿಸ್ಟರ್ ತುಂಬುತ್ತದೆ. ಹೊಲದಲ್ಲಿದ್ದ ಕೂಲಿಯವನ ಕೂಸು, ಅಲೆಮಾರಿ ಗುಡಾರದ ಮಗು ಆ ಲೆಕ್ಕಕ್ಕೆ ಸಿಗುವುದಿಲ್ಲ. ಸಿಡುಬು ಅವರಲ್ಲೇ ಉಳಿಯುತ್ತದೆ.

ಎಷ್ಟು ಜನಕ್ಕೆ ಹಾಕಿದಿರಿ ಎಂಬ ಪ್ರಶ್ನೆಯ ಜಾಗದಲ್ಲಿ ಎಷ್ಟು ಜನಕ್ಕೆ ಬಂದಿದೆ ಎಂಬ ಪ್ರಶ್ನೆಯನ್ನು ಇಟ್ಟದ್ದು ಹೆಂಡರ್ಸನ್ ಅವರ ದೊಡ್ಡ ಕೆಲಸ. ನನ್ನ ಮಟ್ಟಿಗೆ ಸೂಜಿಗಿಂತಲೂ ಇದೇ ದೊಡ್ಡದು. ಪ್ರತಿ ದೇಶವೂ ವಾರವಾರ ಪ್ರಕರಣಗಳ ಸಂಖ್ಯೆ ಕಳಿಸಬೇಕು. ಸೊನ್ನೆ ಇದ್ದರೆ ಸೊನ್ನೆ ಎಂದೇ ಬರೆದು ಕಳಿಸಬೇಕು. ಆರಂಭದಲ್ಲಿ ಬಂದ ಅಂಕಿ ಎಷ್ಟು ಸುಳ್ಳಾಗಿತ್ತೆಂದರೆ, 1967ರಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ವರದಿ ಮಾಡಿದ್ದು ಸುಮಾರು 1.31 ಲಕ್ಷ ಪ್ರಕರಣ. ಆಮೇಲೆ ಕೂತು ಲೆಕ್ಕ ಹಾಕಿದಾಗ ನಿಜವಾದ ಸಂಖ್ಯೆ 1 ಕೋಟಿಯಿಂದ 1.5 ಕೋಟಿ, ಸಾವು ಸುಮಾರು 20 ಲಕ್ಷ ಎಂದಾಯಿತು. ನೂರು ರೋಗಿಗಳಲ್ಲಿ ಒಬ್ಬ ಮಾತ್ರ ಕಾಗದಕ್ಕೆ ಬಂದಿದ್ದ.

ಎಣಿಕೆ ಸರಿಯಾದರೆ ಲಸಿಕೆ ಕಡಿಮೆ ಸಾಕು ಎಂಬುದು ತಿಳಿದದ್ದು ನೈಜೀರಿಯಾದ ಪೂರ್ವಭಾಗದಲ್ಲಿ, 1966ರ ಡಿಸೆಂಬರಿನಲ್ಲಿ. ಅಲ್ಲಿದ್ದ ಇನ್ನೊಬ್ಬ ವೈದ್ಯ ವಿಲಿಯಂ ಫೋಗೆ ಅವರ ಬಳಿ ಎಲ್ಲರಿಗೂ ಹಾಕುವಷ್ಟು ಲಸಿಕೆ ಇರಲಿಲ್ಲ. ಮಿಷನರಿಗಳ ರೇಡಿಯೊ ಮೂಲಕ ಯಾವ ಊರಲ್ಲಿ ರೋಗ ಇದೆಯೆಂದು ವಿಚಾರಿಸಿ, ನಕಾಶೆಯಲ್ಲಿ ಗುರುತು ಹಾಕಿ, ಆ ಊರುಗಳ ಸುತ್ತ ಮಾತ್ರ ಲಸಿಕೆಯ ಬೇಲಿ ಕಟ್ಟಿದರು. ರೋಗ ನಿಂತಿತು. ಸಿಡುಬಿನ ಸ್ವಭಾವವೂ ಇದಕ್ಕೆ ಒದಗಿಬಂತು: ಪ್ರಾಣಿಗಳಲ್ಲಿ ಅದು ಅಡಗುವುದಿಲ್ಲ, ಸೋಂಕು ತಗುಲಿ ಬೊಕ್ಕೆ ಏಳಲು ಎರಡು ವಾರದಷ್ಟು ಸಮಯ ಹಿಡಿಯುತ್ತದೆ, ಬಂದವರ ಮುಖವೇ ಸಾಕ್ಷಿ ಹೇಳುತ್ತದೆ. ಹುಡುಕುವವನಿದ್ದರೆ ಅದಕ್ಕೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ.

ಈ ಲೆಕ್ಕಕ್ಕೆ ಅತಿ ಕಠಿಣ ಪರೀಕ್ಷೆ ಒಡ್ಡಿದ್ದು ಭಾರತ. 1973ರ ಶರತ್ಕಾಲದಲ್ಲಿ ಊರೂರು ಹುಡುಕಾಟ ಆರಂಭವಾಯಿತು. ಅದಕ್ಕೆ ಮೊದಲು ಉತ್ತರ ಪ್ರದೇಶ, ಬಿಹಾರಗಳಿಂದ ವಾರಕ್ಕೆ ಕೆಲವು ನೂರು ಪ್ರಕರಣಗಳ ವರದಿ ಬರುತ್ತಿತ್ತು. ಮೊದಲ ಹುಡುಕಾಟದಲ್ಲೇ ಸುಮಾರು 10 ಸಾವಿರ ಸಿಕ್ಕವು. ಸುಳ್ಳು ಲೆಕ್ಕ ಇದ್ದಕ್ಕಿದ್ದಂತೆ ನಿಜವಾದಾಗ ಆಡಳಿತಗಾರನಿಗೆ ಆಗುವ ಆಘಾತ ಎಂಥದೆಂದು ಯೋಚಿಸಿ. ಖರ್ಚು ಮಾಡಿದಂತೆಲ್ಲ ರೋಗ ಹೆಚ್ಚಾದಂತೆ ಕಾಣುತ್ತದೆ! ಅದನ್ನು ನುಂಗಿಕೊಂಡು ಮುಂದೆ ಹೋಗಲು ಎದೆಗಾರಿಕೆ ಬೇಕು. ಅದು ಹೆಂಡರ್ಸನ್‌ಗೆ ಇತ್ತು, ದೆಹಲಿಯಲ್ಲಿ ಸಂಸ್ಥೆಯ ಸಿಡುಬು ಕೆಲಸ ನೋಡಿಕೊಳ್ಳುತ್ತಿದ್ದ ನಿಕೋಲ್ ಗ್ರಾಸೆ ಅವರಿಗೆ ಇತ್ತು, ನಮ್ಮ ಸರ್ಕಾರದ ಡಾ. ಎಂ. ಐ. ಡಿ. ಶರ್ಮ ಅವರಿಗೂ ಇತ್ತು.

ಒಂದೊಂದು ಹುಡುಕಾಟಕ್ಕೆ ಲಕ್ಷಕ್ಕೂ ಮೇಲ್ಪಟ್ಟ ಕಾರ್ಯಕರ್ತರು, 10 ಕೋಟಿಯಷ್ಟು ಮನೆಗಳು. ತಲೆಗೆ ಸಾವಿರ ಮನೆ. ವಾರ ಹತ್ತು ದಿನದಲ್ಲಿ ಮುಗಿಯಬೇಕು, ಅಂದರೆ ದಿನಕ್ಕೆ ನೂರು ನೂರೈವತ್ತು ಬಾಗಿಲು. ಕೈಯಲ್ಲಿ ಸಿಡುಬು ಬಂದ ಮಗುವಿನ ಬಣ್ಣದ ಚಿತ್ರವಿರುವ ಒಂದು ಕಾರ್ಡು. “ಇಂಥ ಮಗುವನ್ನು ನೋಡಿದ್ದೀರಾ?” ಇಷ್ಟೇ ಪ್ರಶ್ನೆ. ಅವರ ಬೆನ್ನಿಗೆ ಬೇರೊಂದು ತಂಡ ನೂರರಲ್ಲಿ ಹತ್ತು ಹಳ್ಳಿಗೆ ಹೋಗಿ, ನಿಜವಾಗಿಯೂ ಯಾರಾದರೂ ಬಂದಿದ್ದರಾ ಎಂದು ಕೇಳುತ್ತಿತ್ತು. ರೋಗಿ ಸಿಕ್ಕ ಮನೆಗೆ ಹಗಲು ರಾತ್ರಿ ಕಾವಲು, ಕಾವಲುಗಾರರಿಗೆ ದಿನಗೂಲಿ. ಆರು ವಾರ ಹೊಸ ಪ್ರಕರಣ ಬರದಿದ್ದರೆ ಮಾತ್ರ ಆ ಊರಿನ ಹೆಸರು ಪಟ್ಟಿಯಿಂದ ಹೋಗುತ್ತಿತ್ತು.

1974ರಲ್ಲಿ ಭಾರತ ದಾಖಲಿಸಿದ ಪ್ರಕರಣ 1,88,003. ಸಾವು 31,262. ಅದೇ ವರ್ಷದ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ, ಅದೇ ಮೇ 18ಕ್ಕೆ ಪೋಖ್ರಾನ್ ಅಣುಪರೀಕ್ಷೆ. ಬಾಂಬು ಸಿಡಿಸುವ ದೇಶದಲ್ಲಿ ಸಿಡುಬು ಎಂದು ಹೊರಗಿನ ಪತ್ರಿಕೆಗಳು ಬರೆದವು. ಎಲ್ಲ ಬಿಟ್ಟು ಹಳೆಯ ಸಾಮೂಹಿಕ ಲಸಿಕೆಗೇ ಮರಳೋಣ ಎಂಬ ಒತ್ತಡ ಬಿಹಾರದಲ್ಲಿ ಜೋರಾಗಿತ್ತು. ಮರಳಲಿಲ್ಲ. ಹೊಸ ಪ್ರಕರಣ ತೋರಿಸಿಕೊಟ್ಟವರಿಗೆ ಬಹುಮಾನ ಮೊದಲು 50 ರೂಪಾಯಿ, ಆಮೇಲೆ 100, ಕೊನೆಕೊನೆಗೆ 1,000. ಪ್ರಕರಣ ಕಡಿಮೆಯಾದಂತೆ ಬಹುಮಾನ ಏರುತ್ತಾ ಹೋದದ್ದು ಜಾಣತನದ ಖರ್ಚು: ಬೆಟ್ಟದಷ್ಟಿದ್ದಾಗ ತೋರಿಸುವುದು ಸುಲಭ, ಸಾಸಿವೆಯಷ್ಟಾದಾಗ ಕಷ್ಟ.

ಬಿಹಾರದ ಕೊನೆಯ ಸ್ಥಳೀಯ ಪ್ರಕರಣ 1975ರ ಮೇ 17. ಬಾಂಗ್ಲಾದೇಶದಿಂದ ಬಂದ ಸೋಂಕಿನ ಕೊನೆಯ ಪ್ರಕರಣ ಅದೇ ತಿಂಗಳ 24ರಂದು ಅಸ್ಸಾಮಿನ ಕರೀಂಗಂಜ್‌ನಲ್ಲಿ. 1,88,003ರಿಂದ ಸೊನ್ನೆಗೆ ಇಳಿಯಲು ಹಿಡಿದದ್ದು ಒಂದೂವರೆ ವರ್ಷ. ಈ ವೇಗಕ್ಕೆ ಇನ್ನೊಂದು ಬೆಲೆಯೂ ಇತ್ತು. ಕೆಲವು ಊರುಗಳಲ್ಲಿ ರಾತ್ರಿ ಹೊತ್ತು ಬಾಗಿಲು ಮುರಿದು, ಬೇಡ ಬೇಡ ಎಂದವರನ್ನು ಅದುಮಿ ಹಿಡಿದು ಲಸಿಕೆ ಹಾಕಿದ್ದುಂಟು. ಮೈಮೇಲೆ ಬಂದಿರುವುದು ಅಮ್ಮನೇ, ಆಕೆಯನ್ನು ಓಡಿಸಬಾರದು ಎಂದು ನಂಬಿದ ಮನೆಗಳು ಅವು. ಖರ್ಚಿನ ಪಟ್ಟಿಯಲ್ಲಿ ಆ ಅವಮಾನಕ್ಕೆ ಕಾಲಂ ಇಲ್ಲ. ಅದನ್ನು ಬಿಟ್ಟು ಲೆಕ್ಕ ಮುಗಿಸಿದರೆ ತಪ್ಪಾಗುತ್ತದೆ.

ಆಮೇಲಿನದು ಬೇಗ ಹೇಳುವಂಥದು. ಏಷ್ಯಾದ ಕೊನೆಯ ರೋಗಿ, 1975ರ ಅಕ್ಟೋಬರಿನಲ್ಲಿ, ಬಾಂಗ್ಲಾದೇಶದ ಭೋಲಾ ದ್ವೀಪದ ಪುಟ್ಟ ಹುಡುಗಿ ರಹೀಮಾ ಬಾನು. ಸಹಜವಾಗಿ ಸೋಂಕು ತಗುಲಿದ ಜಗತ್ತಿನ ಕೊನೆಯ ರೋಗಿ, 1977ರ ಅಕ್ಟೋಬರ್ 26ರಂದು, ಸೊಮಾಲಿಯಾದ ಮೆರ್ಕಾ ಆಸ್ಪತ್ರೆಯ ಅಡುಗೆಯವನು ಅಲಿ ಮಾವ್ ಮಾಲಿನ್. ಇಬ್ಬರೂ ಬದುಕಿದರು. ಬರ್ಮಿಂಗ್‌ಹ್ಯಾಮ್‌ನ ಪ್ರಯೋಗಾಲಯ ಅವಘಡವೊಂದನ್ನು ಬಿಟ್ಟರೆ ಅಲ್ಲಿಗೆ ಮುಗಿಯಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಅದನ್ನು ಘೋಷಿಸಿತು.

ಒಟ್ಟು ಖರ್ಚು? 1967ರಿಂದ 1979ರವರೆಗೆ ಹೊರಗಿನ ನೆರವು ಸುಮಾರು 9.8 ಕೋಟಿ ಡಾಲರ್, ರೋಗವಿದ್ದ ದೇಶಗಳೇ ಹಾಕಿದ್ದು ಸುಮಾರು 20 ಕೋಟಿ. ಎರಡೂ ಸೇರಿ 30 ಕೋಟಿ ಡಾಲರಿಗೆ ಚೂರು ಕಡಿಮೆ, ವರ್ಷಕ್ಕೆ 2.3 ಕೋಟಿ. ಮೂರರಲ್ಲಿ ಎರಡು ಪಾಲು ಕೊಟ್ಟವರು ಬಡವರು ಎಂಬುದನ್ನು ಗಮನಿಸಿ; ದಾನಿಗಳ ಪಟ್ಟಿ ಓದುವಾಗ ಇದು ಮರೆತುಹೋಗುತ್ತದೆ. ಅಂದಿನ ಜಗತ್ತಿನ ಸುಮಾರು 420 ಕೋಟಿ ಜನಕ್ಕೆ ಹಂಚಿದರೆ ತಲೆಗೆ 7 ಸೆಂಟ್, ನಮ್ಮ ಅರ್ಧ ರೂಪಾಯಿಯ ಆಸುಪಾಸು.

ಇನ್ನೊಂದು ತಕ್ಕಡಿಯಲ್ಲಿ ಅಮೆರಿಕವನ್ನಿಡಿ. 1949ರ ಮೇಲೆ ಅಲ್ಲಿ ಒಂದೂ ಸಿಡುಬಿನ ಪ್ರಕರಣ ಇರಲಿಲ್ಲ. ಆದರೂ 1968ರಲ್ಲಿ ಅಲ್ಲಿ 1.42 ಕೋಟಿ ಜನಕ್ಕೆ ಲಸಿಕೆ ಹಾಕಿದರು. 572 ಮಂದಿಗೆ ಲಸಿಕೆಯಿಂದಲೇ ತೊಂದರೆ, 9 ಸಾವು. ರೋಗವಿಲ್ಲದ ದೇಶದಲ್ಲಿ ರೋಗದ ಭಯಕ್ಕೆ ಆ ಒಂದು ವರ್ಷ ಆದ ಖರ್ಚು ಸುಮಾರು 15 ಕೋಟಿ ಡಾಲರ್. ಅಂದರೆ ಅಮೆರಿಕ ಎರಡು ವರ್ಷ ತನ್ನನ್ನು ಕಾಯ್ದುಕೊಳ್ಳಲು ಖರ್ಚು ಮಾಡಿದ್ದರಲ್ಲಿ ಇಡೀ ಭೂಮಿಯ ಸಿಡುಬು ಅಳಿಯಿತು. ತಾನು ಹಾಕಿದ ಅಷ್ಟೂ ಹಣವನ್ನು ಅಮೆರಿಕ ಪ್ರತಿ 26 ದಿನಕ್ಕೊಮ್ಮೆ ಉಳಿಸುತ್ತಿದೆ ಎಂಬುದು ಅಲ್ಲಿಯ ಸರ್ಕಾರಿ ಲೆಕ್ಕ.

ಹೆಂಡರ್ಸನ್ 1977ರಲ್ಲಿ ಜಿನೀವಾ ಬಿಟ್ಟು ಜಾನ್ಸ್ ಹಾಪ್ಕಿನ್ಸ್‌ನ ಸಾರ್ವಜನಿಕ ಆರೋಗ್ಯ ಶಾಲೆಯ ಡೀನ್ ಆದರು, 1990ರವರೆಗೆ ಅಲ್ಲಿದ್ದರು. ಸಹೋದ್ಯೋಗಿಗಳ ಜೊತೆ ಸೇರಿ 1988ರಲ್ಲಿ ಹೊರತಂದ ಸಿಡುಬಿನ ಇತಿಹಾಸ 1,460 ಪುಟದ್ದು. ಗೆಲುವಿನ ಜೊತೆಗೆ ಎಡವಟ್ಟುಗಳನ್ನೂ ಕೋಷ್ಟಕ ಹಾಕಿ ಬರೆದಿಟ್ಟ ಪುಸ್ತಕ ಅದು. ಅಟ್ಲಾಂಟಾ ಮತ್ತು ರಷ್ಯಾದಲ್ಲಿ ಉಳಿಸಿಕೊಂಡ ವೈರಸ್ಸನ್ನು ಸುಟ್ಟುಬಿಡಿ ಎಂದು ಹೇಳುತ್ತಲೇ ಇದ್ದರು. ಯಾರೂ ಸುಡಲಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ, 73ರ ವಯಸ್ಸಿನಲ್ಲಿ, ಸರ್ಕಾರ ಅವರನ್ನು ಮತ್ತೆ ಕರೆಯಿತು: ಯಾರಾದರೂ ಸಿಡುಬನ್ನೇ ಆಯುಧ ಮಾಡಿದರೆ? ಆ ನವೆಂಬರಿನಲ್ಲಿ ಅಮೆರಿಕ 15.5 ಕೋಟಿ ಡೋಸ್ ಲಸಿಕೆಗೆ ಒಪ್ಪಂದ ಮಾಡಿಕೊಂಡಿತು. ಬೆಲೆ 42.8 ಕೋಟಿ ಡಾಲರ್. ಆಗಿನ ಡಾಲರ್ ಬೇರೆ, ಈಗಿನದು ಬೇರೆ, ಒಪ್ಪಿದೆ. ಆದರೂ ಕಪಾಟಿನಲ್ಲಿಡುವ ಲಸಿಕೆಗೆ 42.8 ಕೋಟಿ, ಜಗತ್ತಿನಿಂದ ರೋಗ ತೆಗೆಯಲು 30 ಕೋಟಿ. ಜೀವಮಾನವಿಡೀ ಲೆಕ್ಕ ಹಾಕಿದ ಮನುಷ್ಯ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲೇಬೇಕು.

2016ರ ಆಗಸ್ಟ್ 19ರಂದು ಅವರು ತೀರಿಕೊಂಡರು, 87ರ ವಯಸ್ಸಿನಲ್ಲಿ. ಸಿಡುಬು 1967ರ ಲೆಕ್ಕದಲ್ಲೇ ಉಳಿದಿದ್ದರೆ, 1980ರಿಂದ ಅವರು ಸಾಯುವ ವರ್ಷದವರೆಗೆ ಸುಮಾರು 7 ಕೋಟಿ ಜನ ಸತ್ತಿರುತ್ತಿದ್ದರು.

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಇವತ್ತು ಸಂಜೆ ಅವರ ಪಕ್ಕ ಕೂತು ತೋಳು ತೋರಿಸಲು ಹೇಳಿ. ಎಷ್ಟು ಕಲೆ ಇದೆ ಎಣಿಸಿ. ಯಾವ ಊರಲ್ಲಿ ಹಾಕಿದ್ದು, ಯಾರು ಕೈ ಹಿಡಿದುಕೊಂಡಿದ್ದರು, ಮನೆಯಲ್ಲಿ ಯಾರಿಗಾದರೂ ಬಂದಿತ್ತಾ, ಹೋದವರ ಹೆಸರೇನು, ಕೇಳಿ ಬರೆದಿಡಿ. 1974ರ ಆ 31,262 ಜನರಲ್ಲಿ ಬಹುಪಾಲು ಮಂದಿಯ ಹೆಸರು ಯಾವ ವರದಿಯಲ್ಲೂ ಇಲ್ಲ.